ಕೈಗೆಲಸವೂ ವಿದ್ಯೆಯೇ

ಸ್ತ್ರೀವಿದ್ಯಾಭ್ಯಾಸದ ವಿಷಯದಲ್ಲಿ ನಮ್ಮ ಸೀಮೆಯ ತಾಯಿತಂದೆಗಳಿಗೆ ಹಿಂದಿನಷ್ಟು ಸಂದೇಹವಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹೆಣ್ಣುಮಕ್ಕಳು ಓದಿ, ಉದ್ಯೋಗ ಹಿಡಿದು, ತಮ್ಮ ವಾಹನಗಳನ್ನು ತಾವೇ ನಡೆಸುತ್ತಿರುವರು. ಇದು ಸಂತೋಷದ ಸಂಗತಿ. ಆದರೆ ಆ ವಾಹನದ ಒಂದು ಚಕ್ರದ ಗಾಳಿ ಹೋದರೆ, ಇಲ್ಲವೆ ಅಂಗಳದಲ್ಲಿ ಒಂದು ಗುಣಿ ತೋಡಬೇಕಾದರೆ, ಅವರಲ್ಲಿ ಹಲವರು ಅಣ್ಣನನ್ನೋ ಆಳನ್ನೋ ಕೂಗಬೇಕಾಗಿದೆ. ಲೇಖನಿಯನ್ನು ಕೊಟ್ಟ ಕೈಗೆ ಸ್ಪ್ಯಾನರನ್ನೂ ಸಲಿಕೆಯನ್ನೂ ಕೊಡಲು ನಾವು ಹಿಂಜರಿಯುವುದೇಕೆ?

ಹೆಣ್ಣಿಗೆ ಅದು ಒಪ್ಪುವುದಿಲ್ಲವೆಂಬ ಮಾತು ದುರ್ಗದವರಾದ ನಮ್ಮ ಬಾಯಿಗೆ ಶೋಭಿಸದು. ಊಟಕ್ಕೆ ಕುಳಿತ ಗಂಡನು ಏಳಲೆಂದು ಓಬವ್ವ ಕಾಯಲಿಲ್ಲ. ಕೈಗೆ ಸಿಕ್ಕ ಒನಕೆಯನ್ನೇ ಹಿಡಿದಳೆಂದು ನಾವೇ ಮಕ್ಕಳಿಗೆ ಕಥೆ ಹೇಳುವೆವು. ದೊಡ್ಡ ಮನೆತನಕ್ಕೆ ತಕ್ಕುದಲ್ಲವೆನ್ನುವವರಿಗೂ ಉತ್ತರವುಂಟು. ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್ 1945ರಲ್ಲಿ ಸೇನೆಯ ಮಹಿಳಾದಳವನ್ನು ಸೇರಿ, ಮೋಟಾರು ನಡೆಸುವುದನ್ನೂ ದುರಸ್ತಿಮಾಡುವುದನ್ನೂ ಕಲಿತರು. 1952ರಲ್ಲಿ ಅವರು ರಾಣಿಯಾದರು. ಎಣ್ಣೆಯ ಮಸಿಯಿಂದ ಅವರ ಮರ್ಯಾದೆ ಕುಂದಲಿಲ್ಲ.

ಕಲಿಯತಕ್ಕದ್ದೇನೂ ಬಹಳವಿಲ್ಲ. ಹಿರಿಯೂರಿಗೂ ದುರ್ಗಕ್ಕೂ ನಡುವಿನ ಹೆದ್ದಾರಿಯಲ್ಲಿ ಸಂಜೆಹೊತ್ತು ಕಾರು ನಿಂತಿತೆನ್ನಿ. ಅದನ್ನು ಪಕ್ಕದ ಗಟ್ಟಿನೆಲಕ್ಕೆ ತಂದು, ಎಚ್ಚರಿಕೆಯ ದೀಪಗಳನ್ನು ಹಾಕಬೇಕು. ಜ್ಯಾಕಿನಿಂದ ಎತ್ತುವ ಮೊದಲೇ ಚಕ್ರದ ನಟ್ಟುಗಳನ್ನು ತುಸು ಸಡಿಲಿಸಬೇಕು. ಸ್ಟೆಪ್ನಿಯನ್ನು ತೊಡಿಸಿದ ಮೇಲೆ ಎದುರುಬದುರಿನ ನಟ್ಟುಗಳನ್ನು ಸರದಿಯಂತೆ ಬಿಗಿಯಬೇಕು. ಜ್ಯಾಕಿನ ಮೇಲೆ ನಿಂತ ವಾಹನದ ಕೆಳಗೆ ಎಂದಿಗೂ ನುಗ್ಗಬಾರದು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದು. ಬ್ಯಾಟರಿಯನ್ನು ಬಿಚ್ಚುವಾಗ ಋಣ ತುದಿಯ ತಂತಿಯನ್ನು ಮೊದಲು ತೆಗೆಯಬೇಕು. ಬ್ರೇಕು, ಸ್ಟಿಯರಿಂಗುಗಳ ಕೆಲಸವನ್ನಾದರೋ ಬಲ್ಲ ಮೆಕ್ಯಾನಿಕರಿಗೇ ಬಿಡತಕ್ಕದ್ದು. ತನ್ನ ಎಲ್ಲೆಯನ್ನು ಅರಿಯುವುದೂ ವಿದ್ಯೆಯ ಭಾಗವೇ.

ಇನ್ನು ಮನೆಯ ಅಂಗಳದ ಮಾತು. ನಮ್ಮದು ಮಳೆ ಕಡಿಮೆಯಾದ ಜಿಲ್ಲೆ. 1907ರಲ್ಲಿ ಪೂರ್ಣವಾದ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿಬಿದ್ದ ಬಳಿಕ ಮತ್ತೊಮ್ಮೆ ಕೋಡಿಬಿದ್ದುದು 2022ರಲ್ಲಿ. ಇಂತಹ ನಾಡಿನಲ್ಲಿ ಚಿತ್ರಪಟದ ಹುಲ್ಲುಹಾಸನ್ನು ಬಯಸಿ ಕೊಳವೆಬಾವಿಯನ್ನು ಬರಿದುಮಾಡುವುದು ವಿವೇಕವಲ್ಲ. ಕೋಟೆಯ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳನ್ನು ನೋಡಿರಿ: ಮೇಲಿನ ಹೊಂಡದಲ್ಲಿ ಮಿಕ್ಕ ಮಳೆನೀರು ಕೆಳಗಿನದಕ್ಕೆ ಇಳಿಯುವಂತೆ ಹಿರಿಯರು ಏರ್ಪಡಿಸಿದರು. ಅದೇ ಉಪಾಯವು ನಮ್ಮ ಹಿತ್ತಲಿಗೂ ಸಲ್ಲುವುದು. ನೂರು ಚದರ ಮೀಟರಿನ ಮಾಳಿಗೆಯ ಮೇಲೆ 20 ಮಿಲಿಮೀಟರು ಮಳೆ ಬಿದ್ದರೆ 2,000 ಲೀಟರು ನೀರಾಯಿತು. ಅದನ್ನು ತೊಟ್ಟಿಗೆ ತಿರುಗಿಸಿ, ಗಿಡಗಳಿಗೆ ಪಾತಿ ಮಾಡಿ, ತರಗೆಲೆಯನ್ನು ಮುಚ್ಚಿ, ನುಗ್ಗೆ, ಸೀತಾಫಲ, ಕರಿಬೇವು, ದಾಸವಾಳಗಳನ್ನು ಬೆಳೆಸಲು ಒಂದು ಸಲಿಕೆಯೂ ಕೆಲವು ಭಾನುವಾರಗಳೂ ಸಾಕು.

ಎಲ್ಲವನ್ನೂ ನಾವೇ ಮಾಡಿಕೊಂಡರೆ ಕೆಲಸಗಾರರ ಅನ್ನಕ್ಕೆ ಕಲ್ಲು ಬೀಳದೆ ಎಂದು ಕೆಲವರು ಕೇಳುವರು. ನ್ಯಾಯವಾದ ಪ್ರಶ್ನೆ. ದೊಡ್ಡ ಕೆಲಸಗಳು ಅವರಿಗೆ ಇದ್ದೇ ಇರುವುವು. ಒಮ್ಮೆ ಬಿಸಿಲಿನಲ್ಲಿ ಗುಣಿ ತೋಡಿದವಳು, ಕೂಲಿಯವನೊಡನೆ ಹತ್ತು ರೂಪಾಯಿಗೆ ಚೌಕಾಸಿ ಮಾಡಲು ನಾಚುವಳು. ನಟ್ಟು ಬಿಗಿದು ಕೈ ತರಚಿಕೊಂಡವಳು ಮೆಕ್ಯಾನಿಕನ ಕೌಶಲಕ್ಕೆ ಬೆಲೆಕೊಡುವಳು. ಸುಳ್ಳು ಲೆಕ್ಕಕ್ಕೂ ಮೋಸಹೋಗಳು. ಶ್ರಮವನ್ನು ಗೌರವಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮಗಳ ಕೈಗೆ ವಾಹನದ ಬೀಗದಕೈ ಕೊಡುವ ಮುನ್ನ, ಅವಳಿಂದಲೇ ಒಂದು ಸಲ ಚಕ್ರವನ್ನು ಬಿಚ್ಚಿಸಿ ತೊಡಿಸಿರಿ. ಅಂಗಳದ ಒಂದು ಮೂಲೆಯನ್ನು ಅವಳ ಪಾಲಿಗೆ ಬಿಡಿರಿ. ಗಿಡ ಒಣಗಿದರೆ ಗದರಬೇಡಿರಿ. ಮತ್ತೊಂದು ಸಸಿ ತಂದುಕೊಡಿರಿ. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ನೀವಾದರೋ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.