ಬೈಲಾದ ಒಂದು ಸಾಲಿಗೆ ಎರಡು ಗಂಟೆ ಜಗಳ



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಇದ್ದಾಗ ಓದಿ, ಆದ್ರೆ ಪೂರ್ತಿ ಓದಿ.

ಕಳೆದ ಭಾನುವಾರ ನಮ್ಮ ಟಿ. ದಾಸರಹಳ್ಳಿಯಲ್ಲಿ ಗೆಳೆಯರೊಬ್ಬರ ಮನೆ ಟೆರೇಸ್ ಮೇಲೆ ಹದಿನಾಲ್ಕು ಜನ ಸೇರಿದ್ವಿ. ಪೀಣ್ಯದ ಫ್ಯಾಕ್ಟರಿಗಳಲ್ಲಿ ದುಡಿಯುವವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಇಬ್ಬರು ಮೇಷ್ಟ್ರು, ನಾಲ್ಕೈದು ಕಾಲೇಜು ಹುಡುಗರು. ನಮ್ಮ ಏರಿಯಾಕ್ಕೊಂದು ವಿಜ್ಞಾನ ಸಂಘ ಕಟ್ಟಬೇಕು ಅನ್ನೋದು ಉದ್ದೇಶ. ಹೆಸರು ಇನ್ನೂ ಇಟ್ಟಿಲ್ಲ. ಹೆಸರಿಗೆ ಮೊದಲೇ ಜಗಳ ಶುರುವಾಯ್ತು.

ಒಬ್ಬ ಹುಡುಗ ಬೇರೆ ಯಾವುದೋ ಸಂಘದ ಬೈಲಾ ತಂದಿದ್ದ. ಅದನ್ನೇ ಹೆಸರು ಬದಲಾಯಿಸಿ ಬಳಸೋಣ ಅಂದ. ಸರಿ ಅಂತ ಓದೋಕೆ ಕೂತ್ವಿ. ಸದಸ್ಯತ್ವದ ಕಲಮಿನಲ್ಲಿ ಒಂದು ಸಾಲು: ಸದಸ್ಯರಾಗುವವರು ವಿಜ್ಞಾನ ಪದವೀಧರರಾಗಿರತಕ್ಕದ್ದು.

ನಮ್ಮಲ್ಲೊಬ್ಬ ಟರ್ನರ್ ಇದ್ದಾನೆ. ಐಟಿಐ ಓದಿದವನು. ಇಪ್ಪತ್ತು ವರ್ಷದಿಂದ ಲೇತ್ ಮುಂದೆ ನಿಂತು ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೊರೆಯುತ್ತಾನೆ. ಅವನು ಎದ್ದು ನಿಂತು, 'ಹಂಗಾದ್ರೆ ನಾನು ಹೋಗ್ಲಾ?' ಅಂದ. ತಮಾಷೆಗೇ ಅಂದಿದ್ದು. ಯಾರೂ ನಗಲಿಲ್ಲ.

ಆ ಒಂದು ಸಾಲಿನ ಮೇಲೆ ಎರಡು ಗಂಟೆ ಜಗಳ ಆಯ್ತು. ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ. ಅದಕ್ಕೇ ಈ ಪೋಸ್ಟ್.

ನಾವು ದಲಿತ ಚಳವಳಿಯವರು ವಿಜ್ಞಾನದ ಬಗ್ಗೆ ಮಾತಾಡುವಾಗ ಲ್ಯಾಬ್ ಬಗ್ಗೆ, ಪಿಎಚ್‌ಡಿ ಸೀಟಿನ ಬಗ್ಗೆ, ರೋಸ್ಟರ್ ಬಗ್ಗೆ ಮಾತಾಡ್ತೀವಿ. ಮಾತಾಡಲೇಬೇಕು. ಆದ್ರೆ ವಿಜ್ಞಾನಕ್ಕೆ ಇನ್ನೊಂದು ಬಾಗಿಲಿದೆ: ಸಂಘ, ಪರಿಷತ್ತು, ಅಕಾಡೆಮಿ. ಯಾರಿಗೆ ಪ್ರಶಸ್ತಿ, ಯಾವ ಊರಿನಲ್ಲಿ ಕಾರ್ಯಕ್ರಮ, ಯಾವ ಪುಸ್ತಕ ಅಚ್ಚಾಗಬೇಕು, ಮಕ್ಕಳಿಗೆ ಯಾವ ವಿಷಯ ಹೇಳಬೇಕು ಅಂತ ಬಹಳಷ್ಟು ತೀರ್ಮಾನ ಆಗೋದು ಅಲ್ಲಿ. ಆ ಬಾಗಿಲಿನ ಬೀಗ ಇರೋದು ಬೈಲಾದಲ್ಲಿ. ನಮ್ಮಲ್ಲಿ ಅದನ್ನ ಓದುವವರೇ ಇಲ್ಲ.

ನನ್ನದೇ ಅನುಭವ ಹೇಳ್ತೀನಿ. ಹಲವು ವರ್ಷಗಳ ಹಿಂದೆ ಒಂದು ವಿಜ್ಞಾನ ಸಂಘದವರ ಪರಿಚಯ ಆಯ್ತು. ಹೆಸರು ಬೇಡ. ಕಾರ್ಯಕ್ರಮ ಇದ್ದಾಗಲೆಲ್ಲ ಫೋನ್ ಬರ್ತಿತ್ತು: 'ಹಾಸ್ಟೆಲ್ ಹುಡುಗರನ್ನ ಕರ್ಕೊಂಡು ಬನ್ನಿ, ಹಾಲ್ ತುಂಬಬೇಕು.' ಖುಷಿಯಿಂದ ಕರ್ಕೊಂಡು ಹೋಗ್ತಿದ್ದೆ. ಒಂದು ದಿನ ನಾನೂ ಮೆಂಬರ್ ಆಗ್ತೀನಿ ಅಂದೆ. ಇಬ್ಬರು ಹಳೇ ಸದಸ್ಯರು ಸೂಚಿಸಬೇಕು, ಆಮೇಲೆ ಕಮಿಟಿ ಒಪ್ಪಬೇಕು ಅಂದ್ರು. ಫಾರಂ ಕೊಟ್ಟೆ. ಉತ್ತರ ಬರಲಿಲ್ಲ. ಇಲ್ಲ ಅಂತಲೂ ಯಾರೂ ಹೇಳಲಿಲ್ಲ. ಕಾರ್ಯಕ್ರಮಕ್ಕೆ ಹುಡುಗರನ್ನ ಕರೆಯೋ ಫೋನ್ ಮಾತ್ರ ನಿಲ್ಲಲಿಲ್ಲ. ಯಾರೂ ಜಾತಿ ಕೇಳಲಿಲ್ಲ, ಬೈಯಲಿಲ್ಲ. ನಿಯಮ ತನ್ನ ಕೆಲಸ ತಾನು ಮಾಡಿತು, ಅಷ್ಟೇ.

ಇದು ಹೊಸದಲ್ಲ, ನಮ್ಮೂರಿಗೆ ಮಾತ್ರ ಸೇರಿದ್ದೂ ಅಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1660ರಲ್ಲಿ ಶುರುವಾಯ್ತು. ವಿದ್ಯುತ್ ಆರ್ಕ್ ಬಗ್ಗೆ ದೊಡ್ಡ ಕೆಲಸ ಮಾಡಿದ ಹರ್ತಾ ಏರ್ಟನ್ ಅನ್ನೋ ಹೆಣ್ಣುಮಗಳ ಹೆಸರನ್ನ 1902ರಲ್ಲಿ ಫೆಲೋಶಿಪ್‌ಗೆ ಸೂಚಿಸಿದ್ರು. ಮದುವೆಯಾದ ಹೆಂಗಸಿಗೆ ಸಂಸ್ಥೆಯ ಸನ್ನದಿನ ಪ್ರಕಾರ ಅವಕಾಶ ಇಲ್ಲ ಅಂತ ಕಾನೂನು ಸಲಹೆ ಬಂತು. ಅವಳ ಸಂಶೋಧನೆ ತಪ್ಪು ಅಂತ ಯಾರೂ ಹೇಳಲಿಲ್ಲ. ಕಲಮು ತೋರಿಸಿದ್ರು. ಆ ಸಂಸ್ಥೆಯಲ್ಲಿ ಮೊದಲ ಬಾರಿಗೆ ಇಬ್ಬರು ಹೆಂಗಸರು ಫೆಲೋ ಆಗಿದ್ದು 1945ರಲ್ಲಿ.

ನಮ್ಮ ದೇಶದ ಕಥೆಗೆ ಬನ್ನಿ. ಮೇಘನಾದ ಸಹಾ ಹೆಸರು ಕೇಳಿರ್ತೀರಿ. ಢಾಕಾ ಹತ್ತಿರದ ಹಳ್ಳಿಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದವರ ಮಗ, ಬಂಗಾಳದ ಮೇಲ್ಜಾತಿಗಳು ಕೀಳು ಅಂತ ನೋಡುತ್ತಿದ್ದ ಸಮುದಾಯದವರು. ಕಲ್ಕತ್ತಾದ ಹಾಸ್ಟೆಲ್‌ನಲ್ಲಿ ಕೆಲವು ಮೇಲ್ಜಾತಿ ಹುಡುಗರು ಇವರ ಜೊತೆ ಊಟಕ್ಕೆ ಕೂರೋದಕ್ಕೇ ತಕರಾರು ಮಾಡಿದ್ರು. ನಕ್ಷತ್ರಗಳ ಬೆಳಕನ್ನ ಓದುವ ಸಮೀಕರಣ ಕೊಟ್ಟ ಮನುಷ್ಯ, ಊಟದ ಪಂಕ್ತಿಯಿಂದ ಹೊರಗೆ! ಅದೇ ಸಹಾ ಮುಂದೆ ಹೆಜ್ಜೆಹೆಜ್ಜೆಗೂ ಸಂಸ್ಥೆ ಕಟ್ಟಿದರು. 1930ರಲ್ಲಿ ಅಲಹಾಬಾದಿನಲ್ಲಿ ಸಂಯುಕ್ತ ಪ್ರಾಂತ್ಯದ ವಿಜ್ಞಾನ ಅಕಾಡೆಮಿ ಕಟ್ಟಿದರು. 1934ರ ಜನವರಿಯಲ್ಲಿ ಬೊಂಬಾಯಿಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಇಡೀ ದೇಶಕ್ಕೆ ಒಂದು ಅಕಾಡೆಮಿ ಬೇಕು ಅಂದರು. ಸಮಿತಿ ಆಯ್ತು, ಚರ್ಚೆ ಶುರುವಾಯ್ತು.

ಅದು ಮುಗಿಯೋ ಮೊದಲೇ ಸರ್ ಸಿ.ವಿ. ರಾಮನ್ ಸಮಿತಿಯಿಂದ ಹೊರಬಂದು ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ಬೆಂಗಳೂರಿನಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಅನ್ನು ಸೊಸೈಟಿಯಾಗಿ ನೋಂದಾಯಿಸಿದರು. ಸ್ಥಾಪಕ ಫೆಲೋಗಳು 65 ಜನ. 1935ರ ಜನವರಿಯಲ್ಲಿ ಕಲ್ಕತ್ತಾದಲ್ಲಿ ಇನ್ನೊಂದು ರಾಷ್ಟ್ರೀಯ ಸಂಸ್ಥೆ ಶುರುವಾಯ್ತು. ಐದು ವರ್ಷದ ಒಳಗೆ ಮೂರು ಊರು, ಮೂರು ಅಕಾಡೆಮಿ! ನಮ್ಮ ಸಂಘಟನೆಗಳು ಒಡೆದರೆ ನಗುವವರು ಇದನ್ನ ಓದಬೇಕು. ಪ್ರಪಂಚ ಮೆಚ್ಚಿದ ವಿಜ್ಞಾನಿಗಳೂ ಪ್ರಾಂತ್ಯ, ಪ್ರತಿಷ್ಠೆ, ಅಧ್ಯಕ್ಷಗಿರಿ ವಿಷಯಕ್ಕೆ ನಮ್ಮ ಹಾಗೇ ಕಿತ್ತಾಡಿದವರೇ.

ರಾಮನ್ 1934ರಿಂದ 1970ರಲ್ಲಿ ತೀರಿಕೊಳ್ಳುವ ತನಕ ಆ ಅಕಾಡೆಮಿಯ ಅಧ್ಯಕ್ಷರು. ಮೂವತ್ತಾರು ವರ್ಷ. ಅವರ ನಂತರ ಅಲ್ಲಿ ಮೂರು ಮೂರು ವರ್ಷಕ್ಕೆ ಅಧ್ಯಕ್ಷರು ಬದಲಾಗುವ ಪದ್ಧತಿ ಬಂತು. ಸಂಸ್ಥೆ ಮುಳುಗಿಹೋಯ್ತಾ? ಇಲ್ಲ, ಇವತ್ತಿಗೂ ನಡೀತಿದೆ. 'ಇವರು ಬಿಟ್ರೆ ಸಂಘ ಉಳಿಯಲ್ಲ' ಅಂತ ಯಾರಾದ್ರೂ ಅಂದ್ರೆ ಈ ಉದಾಹರಣೆ ಕೊಡಿ. ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದೂ ಇದನ್ನೇ ಅಲ್ವಾ? ರಾಜಕೀಯದಲ್ಲಿ ವ್ಯಕ್ತಿಭಕ್ತಿ ಕೊನೆಗೆ ಸರ್ವಾಧಿಕಾರಕ್ಕೆ ದಾರಿ. ಆ ಮಾತು ವಿಜ್ಞಾನ ಸಂಘಕ್ಕೂ ಸಲ್ಲುತ್ತೆ.

ಈಗ ಪೀಣ್ಯಕ್ಕೆ ಬರೋಣ. ನಮ್ಮ ಮನೆಯಿಂದ ನಡೆದೇ ಹೋಗಬಹುದು. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾಗಿದ್ದು ಇಲ್ಲೇ, ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಯು.ಆರ್. ರಾವ್ ಅವರ ತಂಡ ಕಟ್ಟಿತು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. ಆಗ ಬೆಂಗಳೂರಿನಲ್ಲಿ ಜಾಗ ಸಾಲದೆ ಒಂದು ಶೌಚಾಲಯವನ್ನೇ ದತ್ತಾಂಶ ಪಡೆಯೋ ಕೋಣೆ ಮಾಡಿಕೊಂಡಿದ್ದರಂತೆ. ಎಲ್ಲರೂ ಹೆಮ್ಮೆಯಿಂದ ಹೇಳುವ ಕಥೆ. ನನಗೂ ಹೆಮ್ಮೆಯೇ. ಆದ್ರೆ ಕೇಳಿದಾಗಲೆಲ್ಲ ಒಂದು ಪ್ರಶ್ನೆ ಬರುತ್ತೆ: ಆ ಶೌಚಾಲಯವನ್ನ ವಿಜ್ಞಾನಕ್ಕೆ ಯೋಗ್ಯ ಆಗೋ ಹಾಗೆ ತೊಳೆದುಕೊಟ್ಟವರು ಯಾರು? ಶೆಡ್ಡಿನಲ್ಲಿ ಲೋಹ ಕೊರೆದವರು, ವೈರ್ ಎಳೆದವರು, ಕಸ ಗುಡಿಸಿದವರು ಯಾವ ವಿಜ್ಞಾನ ಸಂಘದ ಸದಸ್ಯರಾದ್ರು? ವಿಜ್ಞಾನ ಕೈಯಿಂದಲೂ ಆಗುತ್ತೆ. ಸದಸ್ಯತ್ವ ಮಾತ್ರ ಸರ್ಟಿಫಿಕೇಟಿಗೆ.

ಕನ್ನಡದಲ್ಲಿ ವಿಜ್ಞಾನವನ್ನ ಜನರ ಹತ್ತಿರ ತರೋ ಪ್ರಯತ್ನ ನಡೆದೇ ಇಲ್ಲ ಅಂತ ನಾನು ಹೇಳಲ್ಲ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಅನ್ನೋ ಕನ್ನಡ ಮಾಸಪತ್ರಿಕೆ ತಂದರು. ಎರಡೇ ವರ್ಷ ನಡೆಯಿತು, ಆದರೂ ದಾರಿ ತೋರಿಸಿತು. ಗೌರಿಬಿದನೂರು ಕಡೆಯ ಬಡ ಮನೆಯಿಂದ ಬಂದ ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಶುರು ಮಾಡಿದರು. ಯಾರು ಬೇಕಾದ್ರೂ ಬಂದು ಕೂತು ಉಪನ್ಯಾಸ ಕೇಳಬಹುದು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ಅದರ 'ಬಾಲ ವಿಜ್ಞಾನ' ಓದಿ ಬೆಳೆದ ಹಳ್ಳಿ ಮೇಷ್ಟ್ರುಗಳು ಸಾವಿರಾರು. ನಮ್ಮ ಎಷ್ಟೋ ಮಕ್ಕಳು ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಹೋಗಿದ್ದೂ ಆ ದಾರಿಯಲ್ಲೇ. 2005ರಲ್ಲಿ ಸರ್ಕಾರವೇ ವಿಜ್ಞಾನ ಮತ್ತು ತಂತ್ರಜ್ಞಾನ ಅಕಾಡೆಮಿ ಕಟ್ಟಿತು.

ಇವೆಲ್ಲ ಒಂದೇ ಥರ ಅಲ್ಲ, ವ್ಯತ್ಯಾಸ ಗಮನಿಸಿ. ಅಕಾಡೆಮಿಯಲ್ಲಿ ಒಳಗಿರೋ ಫೆಲೋಗಳೇ ಹೊಸ ಫೆಲೋಗಳನ್ನ ಆರಿಸ್ತಾರೆ. ಸರ್ಕಾರಿ ಸಂಸ್ಥೆಗೆ ಸರ್ಕಾರ ಅಧ್ಯಕ್ಷರನ್ನ ಹೆಸರಿಸುತ್ತೆ. ಪರಿಷತ್ತಿನಂಥ ಸಂಘದಲ್ಲಿ ಸದಸ್ಯರು ಓಟು ಹಾಕ್ತಾರೆ. ಮೊದಲೆರಡರಲ್ಲಿ ನಾವು ಬಾಗಿಲು ತಟ್ಟಬಹುದು ಅಷ್ಟೇ. ಮೂರನೆಯದರಲ್ಲಿ ಒಳಗೇ ಹೋಗಬಹುದು. ಹೋಗಿದ್ದೀವಾ?

ಪಕ್ಕದ ಕೇರಳ ನೋಡಿ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1962ರಲ್ಲಿ ಕೋಝಿಕ್ಕೋಡ್‌ನಲ್ಲಿ ವಿಜ್ಞಾನ ಲೇಖಕರ ಸಣ್ಣ ಗುಂಪಾಗಿ ಶುರುವಾಯ್ತು. ಆಮೇಲೆ ಬಾಗಿಲು ತೆರೆದರು. ಮೇಷ್ಟ್ರು, ರೈತರು, ಕಾರ್ಮಿಕರು ಒಳಗೆ ಬಂದರು. ಊರಿನಲ್ಲಿ ಯುನಿಟ್, ಅದರ ಮೇಲೆ ಮೇಖಲೆ, ಜಿಲ್ಲೆ, ರಾಜ್ಯ ಅಂತ ಕೆಳಗಿನಿಂದ ಕಟ್ಟಿದರು. ಪುಸ್ತಕ ಮಾರಿ ದುಡ್ಡು ಹೊಂದಿಸಿದರು. ಸೈಲೆಂಟ್ ವ್ಯಾಲಿ ಕಾಡು ಉಳಿಸೋ ಹೋರಾಟದಲ್ಲಿ ಮುಂದೆ ನಿಂತರು. 1996ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಲೇಖಕರ ಸಂಘವಾಗಿಯೇ ಉಳಿದಿದ್ದರೆ ಒಳ್ಳೇ ಪುಸ್ತಕ ಬರ್ತಿದ್ದವು, ಚಳವಳಿ ಆಗ್ತಿರಲಿಲ್ಲ.

ಬೇರೆಯವರನ್ನ ಬೈದು ನಾವು ತಪ್ಪಿಸಿಕೊಳ್ಳೋದು ಬೇಡ. ಪ್ರೊ. ಬಿ. ಕೃಷ್ಣಪ್ಪನವರ ಕಾಲದಲ್ಲಿ ದಲಿತ ಸಂಘರ್ಷ ಸಮಿತಿ 'ಅಧ್ಯಕ್ಷ' ಅನ್ನೋ ಪದ ಬಿಟ್ಟು 'ಸಂಚಾಲಕ' ಅಂತ ಇಟ್ಟುಕೊಂಡಿತು. ಎಂಥ ಒಳ್ಳೇ ಪದ! ಮೇಲೆ ಕೂರುವವನಲ್ಲ, ನಡೆಸುವವನು. ಆಮೇಲೆ ಏನಾಯ್ತು? ಎಷ್ಟು ಬಣ ಆದ್ವಿ, ನಿಮಗೇ ಗೊತ್ತು. ಪದ ಬದಲಾಯಿಸಿದ್ರೆ ಸಾಲದು. ಯಾರು ಎಷ್ಟು ವರ್ಷ, ಲೆಕ್ಕ ಯಾರಿಗೆ ಒಪ್ಪಿಸಬೇಕು, ಭಿನ್ನಾಭಿಪ್ರಾಯ ಬಂದ್ರೆ ಎಲ್ಲಿ ಮಾತಾಡಬೇಕು ಅನ್ನೋದನ್ನ ಬರೆದಿಟ್ಟು ಅದರ ಹಾಗೆ ನಡೀಬೇಕು.

ಕಾನೂನು ಕಷ್ಟ ಏನಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಉದ್ದೇಶ ಮತ್ತು ನಿಯಮ ಬರೆದು ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಹತ್ತಿರ ನೋಂದಾಯಿಸಬೇಕು. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ನಡೆಯಲೇಬೇಕು. ಕಮಿಟಿ ಪಟ್ಟಿ, ಲೆಕ್ಕಪತ್ರ ಸಲ್ಲಿಸಲೇಬೇಕು. ಸಂಘದ ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟರೆ ಸೆಕ್ಷನ್ 25ರ ಕೆಳಗೆ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕು. ಆದ್ರೆ ಇದೆಲ್ಲ ಸದಸ್ಯರ ಹಕ್ಕು. ಪ್ರೇಕ್ಷಕರ ಹಕ್ಕಲ್ಲ. ಹಾಲ್ ತುಂಬಿಸಿದವರಿಗೆ ಚಪ್ಪಾಳೆ ಹೊಡೆಯೋ ಹಕ್ಕು ಮಾತ್ರ.

ಮತ್ತೆ ಟೆರೇಸ್ ಜಗಳಕ್ಕೆ ಬರ್ತೀನಿ. ಪದವಿ ಇರಲಿ ಅಂದ ರಿಟೈರ್ಡ್ ಮೇಷ್ಟ್ರು ಕೆಟ್ಟವರಲ್ಲ. ಅವರ ಭಯ ನಿಜವಾದದ್ದು. 'ಬಾಗಿಲು ಪೂರ್ತಿ ತೆರೆದ್ರೆ ನಾಳೆ ಯಾವನೋ ಸೈಟ್ ವ್ಯಾಪಾರದವನು ಇನ್ನೂರು ಜನರ ಫೀಸು ತಾನೇ ಕಟ್ಟಿ, ಮೆಂಬರ್ ಮಾಡಿಸಿ, ಚುನಾವಣೆ ಗೆದ್ದು ಅಧ್ಯಕ್ಷ ಆಗ್ತಾನೆ. ಆಮೇಲೆ ವಿಜ್ಞಾನ ಸಂಘದಲ್ಲಿ ವಾಸ್ತು ಶಿಬಿರ ಮಾಡ್ತಾನೆ' ಅಂದರು. ಹಾಗೆ ಆಗಲ್ಲ ಅಂತ ನಾನು ಹೇಗೆ ಹೇಳಲಿ?

ಅದಕ್ಕೆ ಮದ್ದು ಪದವಿ ಅಲ್ಲ ಅಂದೆ. ವಾಸ್ತು ನಂಬೋ ಇಂಜಿನಿಯರ್‌ಗಳು ನಮಗೆ ಗೊತ್ತಿಲ್ವಾ? ಸೇರಿ ಒಂದು ವರ್ಷ ಆಗೋ ತನಕ ಓಟು ಬೇಡ. ಫೀಸು ಅವರವರ ಕೈಯಿಂದಲೇ ಕಟ್ಟಬೇಕು. ಸಭೆಗೆ ಬಂದವರಿಗೆ ಮಾತ್ರ ಓಟು ಅಂತ ಇನ್ನೊಬ್ಬರು ಸೇರಿಸಿದರು. ಆಗ ಗಾರ್ಮೆಂಟ್ಸ್ ಅಕ್ಕ ಒಬ್ಬರು ತಡೆದರು: 'ಭಾನುವಾರ ಓಟಿ ಹಾಕ್ತಾರೆ, ನಾನು ಬರೋಕಾಗಲ್ಲ. ನನ್ನ ಓಟು ಹೋಯ್ತಾ?' ನೋಡಿ, ಎಲ್ಲರಿಗೂ ಒಂದೇ ಅನ್ನೋ ನಿಯಮ ಕೂಡ ಯಾರನ್ನ ಹೊರಗೆ ಹಾಕುತ್ತೆ ಅಂತ. ಕೊನೆಗೆ ಸಭೆ ಮಾತ್ರ ಅಲ್ಲ, ಕೆರೆ ನೀರಿನ ಪರೀಕ್ಷೆ, ಮಕ್ಕಳ ಪಾಠ, ಯಾವ ಕೆಲಸದಲ್ಲಿ ಕೈಜೋಡಿಸಿದರೂ ಲೆಕ್ಕಕ್ಕೆ ಹಿಡಿಯೋಣ ಅಂತ ಬರೆದುಕೊಂಡ್ವಿ.

ಇಲ್ಲಿವರೆಗೆ ಒಪ್ಪಿರೋದು ಇಷ್ಟು: ಪದವಿ ಬೇಡ. ಯಾರ ಶಿಫಾರಸೂ ಬೇಡ. ಅರ್ಜಿಗೆ ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು, ತಿರಸ್ಕರಿಸಿದ್ರೆ ಕಾರಣ ಬರೆದು ಕೊಡಬೇಕು. ಎರಡು ಅವಧಿ ಮುಗಿದ ಮೇಲೆ ಯಾರೇ ಆಗಲಿ ಕುರ್ಚಿ ಬಿಡಬೇಕು. ಲೆಕ್ಕ ಮೂರು ತಿಂಗಳಿಗೊಮ್ಮೆ ಗೋಡೆ ಮೇಲೆ.

ಒಪ್ಪದೇ ಉಳಿದಿರೋದು ಒಂದು. ಕಮಿಟಿಯಲ್ಲಿ ಅರ್ಧ ಹೆಂಗಸರು, ಅರ್ಧ ದಲಿತರು ಇರಲೇಬೇಕು ಅಂತ ಬರೆಯೋಣ ಅಂದೆ. 'ವಿಜ್ಞಾನದಲ್ಲಿ ಜಾತಿ ಯಾಕೆ ತರ್ತೀರಾ?' ಅಂದ ಒಬ್ಬ ಹುಡುಗ. ನಮ್ಮವನೇ. ನಾನು ತರ್ತಿಲ್ಲ ತಮ್ಮಾ, ಅದು ಮೊದಲೇ ಬಂದು ಕೂತಿದೆ, ಎಬ್ಬಿಸೋಕೆ ಒಂದು ಕಲಮು ಬೇಕು ಅಂದೆ. ಅವನಿಗೆ ಇನ್ನೂ ಸಮಾಧಾನ ಆಗಿಲ್ಲ. ಬರೋ ಭಾನುವಾರ ಮತ್ತೆ ಕೂರ್ತೀವಿ. ಸೋತರೂ ಸಂಘ ಬಿಟ್ಟು ಹೋಗಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೀನಿ. ಅವನೂ ಕೊಟ್ಟಿದ್ದಾನೆ.

ನಿಮ್ಮಲ್ಲಿ ಒಂದು ಮನವಿ. ನಿಮ್ಮ ಜಿಲ್ಲೆಯಲ್ಲಿ ಇರೋ ವಿಜ್ಞಾನ ಸಂಘ, ಪರಿಷತ್ತಿನ ಘಟಕ ಯಾವುದು ಅಂತ ಹುಡುಕಿ. ಬೈಲಾ ಕೇಳಿ ಪಡೆದು ಓದಿ. ಅರ್ಜಿ ಹಾಕಿ. ಸೇರಿಸಿಕೊಂಡ್ರೆ ಹೋಗಿ ಕೆಲಸ ಮಾಡಿ, ಓಟು ಹಾಕಿ, ಚುನಾವಣೆಗೂ ನಿಲ್ಲಿ. ಸೇರಿಸಿಕೊಳ್ಳದಿದ್ರೆ ಕಾರಣ ಬರಹದಲ್ಲಿ ಕೇಳಿ. ಅದೂ ಆಗದಿದ್ರೆ ಏಳು ಜನ ಸೇರಿ.

ಸಭೆ ಮುಗಿದ ಮೇಲೆ ಆ ಟರ್ನರ್ ಗೆಳೆಯ ಜೇಬಿನಿಂದ ಐವತ್ತು ರೂಪಾಯಿ ತೆಗೆದು ಪುಸ್ತಕದಲ್ಲಿ ತನ್ನ ಹೆಸರು ತಾನೇ ಬರೆದ. ಮೊದಲನೇ ನಂಬರ್ ಅವನದ್ದೇ. ಫೀಸು ಎಷ್ಟು ಅಂತ ಇನ್ನೂ ತೀರ್ಮಾನ ಆಗಿರಲಿಲ್ಲ. ಈಗ ಆಯ್ತು.

ಜೈಭೀಮ್.