ಕೊಕ್ಕರೆ ಬೆಳ್ಳೂರು: ಹಕ್ಕಿ ಊರಿನದು, ಹೊಣೆ ಯಾರದು?

ಮದ್ದೂರು: ತಾಲ್ಲೂಕಿನ ಹೆಸರು ಹೊರಗಿನವರಿಗೆ ಗೊತ್ತಿರೋದು ಎರಡು ಕಾರಣಕ್ಕೆ. ಒಂದು ವಡೆ, ಇನ್ನೊಂದು ಕೊಕ್ಕರೆ ಬೆಳ್ಳೂರು. ವಡೆ ಮಾರೋರಿಗೆ ಏನು ಕಷ್ಟ ಅನ್ನೋದು 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಎಲ್ಲರಿಗೂ ಗೊತ್ತಾಯ್ತು. ಗಾಡಿಗಳು ಪೇಟೆ ಬಿಟ್ಟು ಬೈಪಾಸ್‌ನಲ್ಲಿ ಹೋಗ್ತಿವೆ. ಹಕ್ಕಿಗಳ ಊರಿನ ಕಷ್ಟ ಮಾತ್ರ ಅಷ್ಟು ಸುಲಭಕ್ಕೆ ಕಾಣೋದಿಲ್ಲ. ಅದು ಒಂದು ಒಪ್ಪಂದದ ಕಷ್ಟ. ಊರಿನವರು ಹಕ್ಕಿ ಕಾಯ್ತೀವಿ ಅಂತ ಮಾತು ಕೊಟ್ಟರು, ಸರ್ಕಾರ ಜೊತೆಗಿರ್ತೀವಿ ಅಂದಿತು. ಈ ಒಪ್ಪಂದದಲ್ಲಿ ಅರಣ್ಯ ಇಲಾಖೆ ಏನೇನು ಮಾಡಬೇಕು, ಕಾನೂನು ಏನು ಹೇಳುತ್ತೆ, ಎಲ್ಲಿ ಸಡಿಲ ಬಿಟ್ಟಿದೆ ಅನ್ನೋದನ್ನ ತಾಲ್ಲೂಕಿನ ಜನ ತಿಳಿದುಕೊಳ್ಳೋದು ಒಳ್ಳೇದು.

ಅಭಯಾರಣ್ಯ ಅಲ್ಲ, ಜನ ಇರೋ ಊರು

ಕೊಕ್ಕರೆ ಬೆಳ್ಳೂರು ರಂಗನತಿಟ್ಟಿನ ಥರ ಸರ್ಕಾರದ ಪಕ್ಷಿಧಾಮ ಅಲ್ಲ. ಇಲ್ಲಿ ಬೇಲಿ ಇಲ್ಲ, ದೋಣಿ ಇಲ್ಲ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟೋದು ಮನೆ ಹಿತ್ತಿಲಿನ ಹುಣಸೆ ಮರದಲ್ಲಿ, ಬೀದಿ ಬದಿಯ ಅರಳಿ, ಆಲದ ಮರದಲ್ಲಿ. ಚಳಿಗಾಲ ಶುರುವಾಗುತ್ತಿದ್ದಂತೆ ಬಂದು, ಮರಿ ಮಾಡಿ, ಬೇಸಿಗೆ ಮುಗಿಯುವ ಹೊತ್ತಿಗೆ ಹೊರಡುತ್ತವೆ. ಊರಿನ ಹಿರಿಯರು ಇವನ್ನ ಬಾಣಂತನಕ್ಕೆ ತವರಿಗೆ ಬರೋ ಹೆಣ್ಣುಮಕ್ಕಳು ಅಂತಲೇ ಕರೆಯೋದು. ಊರು ಹಿಂದೆ ಶಿಂಷಾ ಹೊಳೆ ದಡದಲ್ಲಿತ್ತು, ಪ್ಲೇಗ್ ಬಂದು ಜನ ಜಾಗ ಬಿಟ್ಟು ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಅನ್ನೋ ಮಾತು ಇಂದಿಗೂ ಇದೆ. ಮರದ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಒಳ್ಳೆ ಗೊಬ್ಬರ ಅನ್ನೋದೂ ಆ ಅಕ್ಕರೆಗೆ ಒಂದು ಕಾರಣ.

ಅಕ್ಕರೆ ಒಂದರಿಂದಲೇ ಮರ ಉಳಿಯೋದಿಲ್ಲ. ಲೆಕ್ಕ ಸರಳ. ಹುಣಸೆ ಹಣ್ಣಾಗೋದು ಜನವರಿಯಿಂದ ಏಪ್ರಿಲ್ ತನಕ. ಹೆಜ್ಜಾರ್ಲೆ ಮರಿಗಳು ಗೂಡಲ್ಲಿರೋದೂ ಅದೇ ಸಮಯ. ಮರ ಹತ್ತಿ ಬಡಿದರೆ ಮರಿ ಕೆಳಗೆ ಬೀಳುತ್ತೆ. ಬಡಿಯದೆ ಬಿಟ್ಟರೆ ಆ ವರ್ಷದ ಹುಣಸೆ ಹೋಯಿತು. ಹಾಗಾಗಿಯೇ ಗೂಡಿರೋ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಮರಕ್ಕಿಷ್ಟು ಅಂತ ಹಣ ಕೊಡುವ ಪದ್ಧತಿ ಬಂತು. 1990ರ ದಶಕದಲ್ಲಿ ಮೈಸೂರಿನ ನಿಸರ್ಗಾಸಕ್ತರ ಸಂಸ್ಥೆಯೊಂದು ಊರಿನ ಹುಡುಗರ ಜೊತೆ ಕೆಲಸ ಶುರು ಮಾಡಿದ ಮೇಲೆ ‘ಹೆಜ್ಜಾರ್ಲೆ ಬಳಗ’ ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನ ಎತ್ತಿ, ಮೀನು ತಿನ್ನಿಸಿ, ದೊಡ್ಡದು ಮಾಡಿ ಬಿಡುವ ಕೆಲಸವನ್ನ ಈ ಬಳಗ ಮೈಮೇಲೆ ಹಾಕಿಕೊಂಡಿತು.

2007ರಲ್ಲಿ ಸರ್ಕಾರ ಊರು ಮತ್ತು ಸುತ್ತಲಿನ ಸುಮಾರು 312 ಹೆಕ್ಟೇರ್ ಜಾಗವನ್ನ ‘ಸಮುದಾಯ ಮೀಸಲು’ ಅಂತ ಘೋಷಿಸಿತು. ರಾಜ್ಯದಲ್ಲಿ ಅದೇ ಮೊದಲು. ಅಲ್ಲಿ ತನಕ ಬಾಯಿಮಾತಿನ ಹೊಂದಾಣಿಕೆಯಾಗಿದ್ದದ್ದು ಅಂದಿನಿಂದ ಕಾನೂನಿನ ವ್ಯವಸ್ಥೆ ಆಯ್ತು.

ಕಾನೂನಿನಲ್ಲಿ ಇಲಾಖೆಗೆ ಬರೆದಿರೋ ಕೆಲಸ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದಾಗ 36-ಸಿ ಮತ್ತು 36-ಡಿ ಕಲಮುಗಳು ಸೇರಿದವು. ಜನ ತಾವಾಗಿಯೇ ವನ್ಯಜೀವಿ ಕಾಯಲು ಮುಂದೆ ಬಂದರೆ ಅವರ ಖಾಸಗಿ ಅಥವಾ ಸಮುದಾಯದ ಜಮೀನನ್ನ ಸಮುದಾಯ ಮೀಸಲು ಅಂತ ಘೋಷಿಸಬಹುದು ಅನ್ನುತ್ತೆ 36-ಸಿ. ‘ತಾವಾಗಿಯೇ’ ಅನ್ನೋ ಪದ ಮುಖ್ಯ. ಜಮೀನಿನ ಒಡೆತನ ಬದಲಾಗೋದಿಲ್ಲ, ಯಾರನ್ನೂ ಒಕ್ಕಲೆಬ್ಬಿಸೋದಿಲ್ಲ.

ಬದಲಿಗೆ ಊರಿನವರ ಮೇಲೆ ಕೆಲವು ಕಟ್ಟುಪಾಡು ಬರುತ್ತವೆ. ನಿರ್ವಹಣಾ ಸಮಿತಿ ನಿರ್ಣಯ ಮಾಡಿ ಸರ್ಕಾರ ಒಪ್ಪದ ಹೊರತು ಜಮೀನಿನ ಬಳಕೆ ಬದಲಿಸೋ ಹಾಗಿಲ್ಲ. ಬೆಂಕಿ ಹಚ್ಚೋ ಹಾಗಿಲ್ಲ, ಪ್ರಾಣಿ ಪಕ್ಷಿಗೆ ಹಾನಿ ಮಾಡುವ ವಸ್ತು ಬಳಸೋ ಹಾಗಿಲ್ಲ, ಹಕ್ಕಿಗಳಿಗೆ ಕೀಟಲೆ ಮಾಡೋ ಹಾಗಿಲ್ಲ. ವನ್ಯಜೀವಿ ಸತ್ತರೆ ತಿಳಿಸಬೇಕು, ಅಪರಾಧ ನಡೆಯದಂತೆ ನೋಡಿಕೊಳ್ಳಬೇಕು. ಅಭಯಾರಣ್ಯದೊಳಗೆ ವಾಸಿಸುವವರಿಗಿರೋ ಕರ್ತವ್ಯಗಳೇ ಇಲ್ಲಿಗೂ ಬರುತ್ತವೆ.

ಊರಲ್ಲಿ ಸಾಮಾನ್ಯವಾಗಿ ಮಾತಾಡೋದು ಈ ಕಟ್ಟುಪಾಡಿನ ಬಗ್ಗೆ ಮಾತ್ರ. ಇನ್ನೊಂದು ಕಡೆಯದು ಅಷ್ಟಾಗಿ ಚರ್ಚೆಗೆ ಬರೋದಿಲ್ಲ. ಅದೇ 36-ಸಿ ಕಲಮು, ಕಾಯ್ದೆಯ 33ನೇ ಕಲಮಿನ ಬಿ ಮತ್ತು ಸಿ ಖಂಡಗಳೂ ಸಮುದಾಯ ಮೀಸಲಿಗೆ ಅನ್ವಯ ಅನ್ನುತ್ತೆ. ಬಿ ಖಂಡದ ಪ್ರಕಾರ ವನ್ಯಜೀವಿಗಳ ಸುರಕ್ಷತೆಗೆ ಬೇಕಾದ ಕ್ರಮವನ್ನ ಮುಖ್ಯ ವನ್ಯಜೀವಿ ಪರಿಪಾಲಕರು ತೆಗೆದುಕೊಳ್ಳಲೇಬೇಕು. ಸಿ ಖಂಡದ ಪ್ರಕಾರ ಅವುಗಳ ನೆಲೆ ಸುಧಾರಿಸುವ ಕೆಲಸವನ್ನೂ ಅವರು ಮಾಡಬಹುದು. ಅಂದ್ರೆ ‘ಇದು ಊರಿನವರದ್ದು, ಅವರೇ ನೋಡಿಕೊಳ್ಳಲಿ’ ಅಂತ ಕೈತೊಳೆದುಕೊಳ್ಳೋಕೆ ಇಲಾಖೆಗೆ ಕಾನೂನಿನಲ್ಲಿ ದಾರಿ ಇಲ್ಲ.

ದಿನನಿತ್ಯದ ನಿರ್ವಹಣೆ ಸಮಿತಿಯದ್ದು. ಗ್ರಾಮ ಪಂಚಾಯಿತಿ ಹೆಸರಿಸಿದ ಪ್ರತಿನಿಧಿಗಳು ಮತ್ತು ಇಲಾಖೆಯ ಒಬ್ಬ ಪ್ರತಿನಿಧಿ ಅದರಲ್ಲಿರಬೇಕು. ನಿರ್ವಹಣಾ ಯೋಜನೆ ತಯಾರು ಮಾಡೋದು, ಜಾರಿ ಮಾಡೋದು ಆ ಸಮಿತಿಯ ಅಧಿಕಾರ. ಅಧ್ಯಕ್ಷರನ್ನ ಸಮಿತಿಯೇ ಆರಿಸಬೇಕು, ಅವರೇ ಆ ಮೀಸಲಿನ ಗೌರವ ವನ್ಯಜೀವಿ ಪರಿಪಾಲಕರೂ ಆಗ್ತಾರೆ. ಆರು ಜನರ ಸಮಿತಿ ಅಂದರೆ ಐದು ಮಂದಿ ಊರಿನವರು, ಒಬ್ಬರು ಮಾತ್ರ ಇಲಾಖೆಯವರು. ಕಾಗದದ ಮೇಲೆ ಊರಿಗೇ ಬಹುಮತ.

2022ರಲ್ಲಿ ಮತ್ತೆ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಪಂಚಾಯಿತಿ ಪ್ರತಿನಿಧಿಗಳು ಐವರಿಗಿಂತ ಕಡಿಮೆ ಇರಬಾರದು, ಅಂದ್ರೆ ಹೆಚ್ಚು ಇರಬಹುದು. ಖಾಸಗಿ ಜಮೀನಿನ ಮೇಲೆ ಮೀಸಲು ಘೋಷಣೆಯಾಗಿದ್ದರೆ ಆ ಜಮೀನಿನ ಮಾಲೀಕರೂ ಸಮಿತಿಯಲ್ಲಿರಬೇಕು. ಬೆಳ್ಳೂರಿನಂಥ ಕಡೆ ಇದು ಸಣ್ಣ ಮಾತಲ್ಲ. ಹಕ್ಕಿ ಕೂರೋದು ನೂರಾರು ಮನೆಗಳ ಹಿತ್ತಿಲಲ್ಲಿ. ಅಷ್ಟು ಜನರನ್ನೂ ಸಮಿತಿಗೆ ಹಾಕೋಕೆ ಆಗೋದಿಲ್ಲ, ನಿಜ. ಆದರೆ ಗೂಡಿರುವ ಮರದ ಮಾಲೀಕರ ಪರವಾಗಿ ಒಬ್ಬಿಬ್ಬರಾದರೂ ಇರಬೇಕು ಅಂತ ಕೇಳೋಕೆ ಈ ತಿದ್ದುಪಡಿ ಬಲವಾದ ಆಧಾರ ಕೊಡುತ್ತೆ. ಪಂಚಾಯಿತಿಯೇ ತನ್ನ ಪ್ರತಿನಿಧಿಗಳಲ್ಲಿ ಅಂಥವರ ಹೆಸರು ಸೇರಿಸಿದರೂ ಸಾಕು.

ಹಣದ ವಿಷಯದಲ್ಲಿ ಕಾನೂನು ಸುಮ್ಮನಿದೆ

ದೊಡ್ಡ ತೊಡಕು ಇಲ್ಲಿದೆ. 36-ಸಿ, 36-ಡಿ ಎರಡರಲ್ಲೂ ಮರದ ಮಾಲೀಕರಿಗೆ ಇಂತಿಷ್ಟು ಹಣ, ಇಂಥ ದಿನದೊಳಗೆ ಕೊಡಬೇಕು ಅನ್ನೋ ಮಾತಿಲ್ಲ. ಊರಿನವರ ಕಟ್ಟುಪಾಡು ಕಾಯ್ದೆಯಲ್ಲಿದೆ. ಊರಿನವರಿಗೆ ಬರೋ ಹಣ ಇಲಾಖೆಯ ಬಜೆಟ್‌ನಲ್ಲಿದೆ. ಬಜೆಟ್ ಬದಲಾದರೆ, ಆದೇಶ ತಡವಾದರೆ ಕೇಳೋಕೆ ಕಲಮಿನ ನಂಬರ್ ಇಲ್ಲ.

ವ್ಯಾಪಾರಸ್ಥರಿಗೆ ಇದು ಬೇಗ ಅರ್ಥ ಆಗುತ್ತೆ. ಒಬ್ಬರು ಮಾಲು ಕೊಡೋದು ಕಡ್ಡಾಯ, ಇನ್ನೊಬ್ಬರು ದುಡ್ಡು ಕೊಡೋದು ಅವರ ಅನುಕೂಲ ಅಂದ್ರೆ ಆ ವ್ಯವಹಾರ ಎಷ್ಟು ದಿನ ನಡೆದೀತು? ಹುಣಸೆಗೆ ಮಂಡಿಯಲ್ಲಿ ಬೆಲೆ ಏರುತ್ತೆ, ಇಳಿಯುತ್ತೆ. ಮರಕ್ಕೆ ಕೊಡೋ ಹಣ ಆ ಬೆಲೆಗೆ ತಕ್ಕಂತೆ ಬದಲಾಗದಿದ್ದರೆ ವರ್ಷ ವರ್ಷ ಮಾಲೀಕರ ನಷ್ಟ ಬೆಳೀತಾ ಹೋಗುತ್ತೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ, ಮನೆ ಕಟ್ಟೋಕೆ ಜಾಗ ಬೇಕಾದಾಗ ಮೊದಲು ಕಣ್ಣಿಗೆ ಬೀಳೋದು ಆದಾಯ ಕೊಡದ ಹಳೇ ಮರ. ಮರ ಹೋದ ಮೇಲೆ ಹೊಸ ಸಸಿ ನೆಟ್ಟರೂ ದೊಡ್ಡ ಗೂಡು ಹೊರುವಷ್ಟು ಹುಣಸೆ ಬೆಳೆಯೋಕೆ ಒಂದು ತಲೆಮಾರು ಬೇಕು.

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಹಳೇ ಪೈನ್ ಮರಗಳಲ್ಲಿ ತೂತು ಕೊರೆದು ಗೂಡು ಮಾಡುವ ಒಂದು ಮರಕುಟಿಗ ಇದೆ, ರೆಡ್ ಕಾಕೇಡೆಡ್ ವುಡ್‌ಪೆಕರ್ ಅಂತ. ಹಕ್ಕಿ ಬಂದು ಕೂತರೆ ಜಮೀನಿನ ಮೇಲೆ ಸರ್ಕಾರದ ನಿರ್ಬಂಧ ಬರುತ್ತೆ ಅನ್ನೋ ಭಯಕ್ಕೆ ಕೆಲವು ಮಾಲೀಕರು ಮರ ಹಳೇದಾಗೋ ಮುಂಚೆಯೇ ಕಡಿಯೋಕೆ ಶುರು ಮಾಡಿದ್ದರು. 1995ರಲ್ಲಿ ಅಲ್ಲಿನ ವನ್ಯಜೀವಿ ಇಲಾಖೆ ಅಲ್ಲಿನ ಸ್ಯಾಂಡ್‌ಹಿಲ್ಸ್ ಪ್ರದೇಶದಲ್ಲಿ ಮಾಲೀಕರ ಜೊತೆ ಲಿಖಿತ ಒಪ್ಪಂದ ಶುರು ಮಾಡಿತು. ಸಹಿ ಹಾಕುವ ದಿನ ಎಷ್ಟು ಹಕ್ಕಿ ಇದೆಯೋ ಅದಷ್ಟೇ ಲೆಕ್ಕ, ನೀವು ಕಾಪಾಡಿ ಹೆಚ್ಚು ಬಂದರೆ ಅದಕ್ಕಾಗಿ ಹೊಸ ನಿರ್ಬಂಧ ಹಾಕೋದಿಲ್ಲ ಅಂತ ಇಲಾಖೆಯೇ ಬರೆದುಕೊಟ್ಟಿತು. 2024ರಲ್ಲಿ ಆ ಹಕ್ಕಿಯನ್ನ ‘ಅಳಿವಿನಂಚಿನ’ ಪಟ್ಟಿಯಿಂದ ಅದಕ್ಕಿಂತ ಕಡಿಮೆ ಅಪಾಯದ ಪಟ್ಟಿಗೆ ಇಳಿಸಿದರು. ಇದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಇಲಾಖೆ ತನ್ನ ಮಾತನ್ನ ಕಾಗದದಲ್ಲಿ ಕೊಟ್ಟರೆ ಮಾಲೀಕರ ಭಯ ಕಡಿಮೆಯಾಗುತ್ತೆ ಅನ್ನೋದು ಆ ಒಪ್ಪಂದದ ಹಿಂದಿನ ಸರಳ ಲೆಕ್ಕ.

ನಮ್ಮಲ್ಲಿ ಅದನ್ನ ಹಾಗೇ ತರಬೇಕಿಲ್ಲ. ಮರವಾರು ಒಂದು ಹಾಳೆಯ ಒಪ್ಪಂದ ಸಾಕು. ಯಾವ ಮರ, ಎಷ್ಟು ಗೂಡು, ಎಷ್ಟು ಹಣ, ಯಾವ ತಿಂಗಳು, ಹಣ ಬರದಿದ್ದರೆ ಯಾರನ್ನ ಕೇಳಬೇಕು. ಹುಣಸೆ ಬಡಿಯುವ ಕಾಲ ಶುರುವಾಗುವ ಮೊದಲೇ ಕೈಗೆ ಹಣ ಬಂದರೆ ಮಾಲೀಕರಿಗೆ ಧೈರ್ಯ, ಇಲಾಖೆಗೂ ಮರಿ ಉಳಿಯೋ ಖಾತ್ರಿ.

ಮರ ಒಂದೇ ಅಲ್ಲ, ನೀರು ಮತ್ತು ತಂತಿ

2017ರ ಕೊನೆಯಿಂದ 2018ರ ಆರಂಭದ ತನಕ ಬೆಳ್ಳೂರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಮರದಿಂದ ಬಿದ್ದು ಸತ್ತವು. ಮರಣೋತ್ತರ ಪರೀಕ್ಷೆಯಲ್ಲಿ ಹೊಟ್ಟೆಯೊಳಗೆ ಜಂತುಹುಳು ಕಂಡವು. ಇಂಥ ಹುಳುಗಳು ಹಕ್ಕಿಯ ಹೊಟ್ಟೆ ಸೇರೋದು ಸಾಮಾನ್ಯವಾಗಿ ಮೀನಿನ ಮೂಲಕ. ಹಕ್ಕಿ ಮೀನು ಹಿಡಿಯೋದು 312 ಹೆಕ್ಟೇರ್ ಒಳಗೆ ಅಲ್ಲ. ಶಿಂಷಾ ಹೊಳೆಯಲ್ಲಿ, ತಾಲ್ಲೂಕಿನ ಕೆರೆಗಳಲ್ಲಿ, ಇನ್ನೂ ದೂರದ ನೀರಿನಲ್ಲಿ.

ಮೀಸಲಿನ ಗಡಿ ಊರಿಗೆ ನಿಲ್ಲುತ್ತೆ, ಹಕ್ಕಿಯ ಊಟ ಗಡಿ ಆಚೆ ಇದೆ. ಕೆರೆಯ ಹೂಳು, ನೀರು, ಒತ್ತುವರಿ ನೋಡಿಕೊಳ್ಳೋರು ಒಬ್ಬರು. ಮೀನಿನ ಗುತ್ತಿಗೆ ಕೊಡೋದು ಮೀನುಗಾರಿಕೆ ಇಲಾಖೆ ಅಥವಾ ಪಂಚಾಯಿತಿ. ಪೇಟೆಯ ಕೊಳಚೆ ನೀರು ಪಟ್ಟಣದ ಸ್ಥಳೀಯ ಆಡಳಿತದ ಲೆಕ್ಕ. ವಿದ್ಯುತ್ ತಂತಿ ಸೆಸ್ಕ್‌ನದು. ಕಾಯಿಲೆ ಬಂದರೆ ಪಶುವೈದ್ಯಕೀಯ ಇಲಾಖೆ. ಇವರಲ್ಲಿ ಯಾರಿಗೂ ಹೆಜ್ಜಾರ್ಲೆ ಕಾಯೋದು ಮುಖ್ಯ ಕೆಲಸ ಅಲ್ಲ. ಆ ಕೆಲಸ ಅರಣ್ಯ ಇಲಾಖೆಯದು. ಹಾಗಾಗಿ ಉಳಿದವರನ್ನ ಒಂದೇ ಮೇಜಿಗೆ ಕರೆದು ಕೂರಿಸುವ ಹೊಣೆಯೂ ಅದರದೇ. ಹಕ್ಕಿ ಬರುವ ಮೊದಲು ವರ್ಷಕ್ಕೊಮ್ಮೆ ಇಂಥ ಸಭೆ ನಡೆದು, ಯಾರು ಏನು ಮಾಡ್ತಾರೆ ಅಂತ ನಡಾವಳಿ ಬರೆದರೆ ಹಕ್ಕಿ ಸತ್ತ ಮೇಲೆ ಓಡಾಡೋದು ತಪ್ಪುತ್ತೆ.

ಬಿದ್ದ ಮರಿಗಳ ಆರೈಕೆಯೂ ಹೀಗೇ. ಊರಿನ ಹುಡುಗರು ಪ್ರೀತಿಯಿಂದ ಮಾಡ್ತಾರೆ, ಸರಿ. ಆದರೆ ಮೀನಿಗೆ ದುಡ್ಡು, ಬಲೆಗೆ ದುಡ್ಡು, ವೈದ್ಯರ ಭೇಟಿ ಎಲ್ಲ ಬೇಕು. ವನ್ಯಜೀವಿಯನ್ನ ಹಿಡಿದು ಇಟ್ಟುಕೊಳ್ಳೋಕೆ ಅಧಿಕೃತ ಅನುಮತಿಯೂ ಬೇಕು. ಇದನ್ನ ಪ್ರತಿ ವರ್ಷದ ಯೋಜನೆಯಲ್ಲೇ ಸೇರಿಸೋದು ಇಲಾಖೆಯ ಕೆಲಸ.

ಪೇಟೆಗೆ ಇದರಿಂದ ಏನು?

ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಪ್ರಯಾಣಿಕರು ಮದ್ದೂರಿಗೆ ಬರಬೇಕಾದರೆ ಒಂದು ಕಾರಣ ಬೇಕು. ಹಳೇ ಹೆದ್ದಾರಿಯಿಂದ ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ ಬೆಳ್ಳೂರಿಗೆ ಸುಮಾರು 12 ಕಿ.ಮೀ. ಹಕ್ಕಿ ನೋಡೋಕೆ ಬರುವ ಕುಟುಂಬ ಎಳನೀರು ಕುಡಿಯುತ್ತೆ, ಊಟ ಮಾಡುತ್ತೆ, ಬೆಲ್ಲ ಕೊಳ್ಳುತ್ತೆ. ಹಕ್ಕಿ ಕಡಿಮೆಯಾದರೆ ಆ ಕಾರಣವೂ ಹೋಯಿತು.

ಆದರೆ ಲಾಭ ಎಲ್ಲಿಗೆ ಹೋಗುತ್ತೆ ಅನ್ನೋದೂ ಮುಖ್ಯ. ಮರ ಉಳಿಸಿದವರ ಹಿತ್ತಿಲಿಗೆ ಜನ ನುಗ್ಗಿ ಫೋಟೊ ತೆಗೆದು, ಪ್ಲಾಸ್ಟಿಕ್ ಬಿಸಾಕಿ ಹೋದರೆ, ದುಡ್ಡು ಮಾತ್ರ ಹೊರಗಿನ ಅಂಗಡಿಗೆ ಸೇರಿದರೆ ಊರಿನವರ ಮನಸ್ಸು ಮುರಿಯುತ್ತೆ. ವಾಹನ ನಿಲುಗಡೆ, ಪ್ರವೇಶ ಶುಲ್ಕ, ಊರಿನ ಹುಡುಗರೇ ಗೈಡ್ ಆಗೋದು, ಬಂದ ಹಣದಲ್ಲಿ ಮರದ ಮಾಲೀಕರಿಗೆ ಪಾಲು. ಇದನ್ನೆಲ್ಲ ತೀರ್ಮಾನಿಸೋ ಅಧಿಕಾರ ನಿರ್ವಹಣಾ ಯೋಜನೆಯ ಮೂಲಕ ಸಮಿತಿಗೇ ಇದೆ. ಯೋಜನೆ ಕನ್ನಡದಲ್ಲಿ, ಪಂಚಾಯಿತಿ ನೋಟಿಸ್ ಬೋರ್ಡ್‌ನಲ್ಲಿ ಎಲ್ಲರಿಗೂ ಕಾಣಬೇಕು ಅಷ್ಟೆ.

ಕೇಳಬೇಕಾದ ಪ್ರಶ್ನೆಗಳು

ಮುಂದಿನ ಗ್ರಾಮಸಭೆಯಲ್ಲಿ ಯಾರು ಬೇಕಾದರೂ ಕೇಳಬಹುದಾದ ಪ್ರಶ್ನೆಗಳಿವು. ನಿರ್ವಹಣಾ ಸಮಿತಿಯಲ್ಲಿ ಯಾರ್ಯಾರಿದ್ದಾರೆ, ಕಳೆದ ವರ್ಷ ಎಷ್ಟು ಸಲ ಸೇರಿದರು? 2023ರಿಂದ ಜಾರಿಯಾದ ತಿದ್ದುಪಡಿಯಂತೆ ಸಮಿತಿ ಬದಲಾಗಿದೆಯಾ? ನಿರ್ವಹಣಾ ಯೋಜನೆ ಎಲ್ಲಿ ಸಿಗುತ್ತೆ? ಈ ಸಲ ಎಷ್ಟು ಮರಕ್ಕೆ, ಯಾವ ದರದಲ್ಲಿ, ಯಾವ ತಿಂಗಳು ಹಣ ಬಂತು? ಹೊಸದಾಗಿ ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿವೆ? ಸಭೆಯಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ 10 ರೂಪಾಯಿಯ ಕೆಲಸ.

ಇಲಾಖೆಯ ಕಷ್ಟವೂ ಇದೆ. ಒಂದು ವಲಯದ ಸಿಬ್ಬಂದಿ ಹಲವು ಕೆಲಸ ನೋಡಬೇಕು, ಬಜೆಟ್ ಮೇಲಿನಿಂದ ಬರಬೇಕು. ಸ್ಥಳೀಯ ಅಧಿಕಾರಿ ಮನಸ್ಸು ಮಾಡಿದರೂ ಎಲ್ಲ ಅವರ ಕೈಲಿಲ್ಲ. ಹಾಗಂತ ಹೊಣೆ ಕಡಿಮೆಯಾಗೋದಿಲ್ಲ. ಊರಿನವರು ತಮ್ಮ ಪಾಲಿನ ಮಾತನ್ನ ಕಾನೂನು ಬರುವ ಎಷ್ಟೋ ಮುಂಚಿನಿಂದ, ಸಹಿ ಇಲ್ಲದೆ, ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಸರ್ಕಾರದ ಪಾಲಿನ ಮಾತು ಇನ್ನಾದರೂ ಬರಹದಲ್ಲಿ, ದಿನಾಂಕ ಸಮೇತ ಬರಬೇಕು.