ತಾಮ್ರದ ಕಾಸಿಗೆ ಹುಣಸೆಹಣ್ಣು ಬೇಡ

ಅಜ್ಜಿಯ ಪೆಟ್ಟಿಗೆಯ ತಳದಲ್ಲೋ ದೇವರ ಮನೆಯ ಸಂಪುಟದಲ್ಲೋ ನಾಲ್ಕಾರು ಹಳೆಯ ತಾಮ್ರದ ಕಾಸುಗಳಿರುವ ಮನೆಗಳು ಇಂದಿಗೂ ಉಂಟು. ಹಬ್ಬ ಬಂದಿತೆಂದರೆ ಚೊಂಬು ತಂಬಿಗೆಗಳೊಡನೆ ಅವಕ್ಕೂ ಹುಣಸೆಹಣ್ಣು, ಉಪ್ಪಿನ ಉಜ್ಜಾಟ ತಪ್ಪದು. ಕಾಸು ಕ್ಷಣದಲ್ಲಿ ಫಳಫಳನೆ ಹೊಳೆಯುತ್ತದೆ, ಮನೆಯವರಿಗೆ ಸಂತೋಷವಾಗುತ್ತದೆ. ಆದರೆ ಚೊಂಬಿಗೆ ಸಲ್ಲುವ ಈ ಉಪಚಾರ ಕಾಸಿಗೆ ಸಲ್ಲದು.

ಚೊಂಬು ಬೇಕಾದದ್ದು ನೀರಿಗಾಗಿ. ಹಳೆಯ ಕಾಸನ್ನು ನಾವು ಇರಿಸಿಕೊಳ್ಳುವುದು ಅದರ ಮೇಲಿನ ಅಕ್ಷರ, ಚಿತ್ರಗಳಿಗಾಗಿ. ಟೀಪು ಸುಲ್ತಾನನ ಕಾಸಿನ ಆನೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲಿ ಕನ್ನಡದಲ್ಲಿಯೇ ಅಚ್ಚಾಗಿರುವ ‘ಮಯಿಲಿ ಕಾಸು’ ಎಂಬ ಮಾತು, 1835ರ ಕಂಪನಿ ಕಾಲಾಣೆಯ ಲಾಂಛನ, ಇವೆಲ್ಲ ಎದ್ದುನಿಂತಿರುವುದು ತೀರ ತೆಳುವಾಗಿ. ಒಮ್ಮೆ ಸವೆದರೆ ಮತ್ತೆ ಬಾರವು.

ಕಾಸಿನ ಕಂದುಬಣ್ಣ ಕೊಳೆಯಲ್ಲ. ತಾಮ್ರವು ಗಾಳಿಯ ಆಮ್ಲಜನಕದೊಡನೆ ಸೇರಿ ವರ್ಷಗಳ ಕಾಲ ಕಟ್ಟಿಕೊಂಡ ಕವಚವದು. ಹುಣಸೆಯ ಹುಳಿ ಆ ಕವಚವನ್ನು ಕರಗಿಸುತ್ತದೆ. ಬೂದಿ, ನಾರುಗಳು ಅಕ್ಷರದ ಅಂಚನ್ನು ತೇಯುತ್ತವೆ. ಉಪ್ಪಿನದು ಇನ್ನೂ ಕೆಟ್ಟ ಕೆಲಸ: ಅದರ ಕ್ಲೋರೈಡು ಸಂದುಗಳಲ್ಲಿ ಉಳಿದು, ಮಳೆಗಾಲದ ತೇವ ತಾಕಿದೊಡನೆ ಲೋಹವನ್ನು ತಿನ್ನತೊಡಗುತ್ತದೆ.

ಹಾಗಾದರೆ ಮಣ್ಣು, ಜಿಡ್ಡು ಹಿಡಿದ ಕಾಸನ್ನು ಶುಚಿಮಾಡುವುದು ಹೇಗೆ? ಗಾಜಿನ ಬಟ್ಟಲಿನಲ್ಲಿ ಬಟ್ಟಿ ಇಳಿಸಿದ ನೀರು ತುಂಬಿ, ಒಂದೊಂದು ಕಾಸನ್ನು ಬೇರೆಬೇರೆಯಾಗಿ ನೆನೆಹಾಕಿರಿ. ದಿನಕ್ಕೊಮ್ಮೆ ನೀರು ಬದಲಾಯಿಸುತ್ತ ನಾಲ್ಕೈದು ದಿನ ತಾಳಿರಿ. ಸಡಿಲವಾದ ಮಣ್ಣನ್ನು ಮೆದುವಾದ ಕುಂಚದಿಂದಲೋ ನೆನೆಸಿದ ಹಲ್ಲುಕಡ್ಡಿಯಿಂದಲೋ ತೆಗೆಯಿರಿ. ಬಾರದಿದ್ದರೆ ಬಲಾತ್ಕಾರ ಕೂಡದು. ಅನಂತರ ಹತ್ತಿಬಟ್ಟೆಯಿಂದ ಒತ್ತಿ ನೀರನ್ನು ಹೀರಿಸಿ, ಉಜ್ಜದೆ, ಪೂರ್ತಿ ಒಣಗಲು ಬಿಡಿರಿ. 1943ರಿಂದ 1947ರವರೆಗೆ ಬಂದ ಕಂಚಿನ ತೂತುಕಾಸಿಗೂ ಇದೇ ಕ್ರಮ.

ಗಟ್ಟಿಯಾಗಿ ಅಂಟಿದ ಕಡುಹಸಿರಿಗೆ ಹೆದರಬೇಕಾಗಿಲ್ಲ. ಮುಟ್ಟಿದರೆ ಪುಡಿಯಾಗಿ ಉದುರುವ ತಿಳಿಹಸಿರು ಕಿಲುಬು ಕಂಡರೆ ಮಾತ್ರ ಆ ಕಾಸನ್ನು ಒಡನೆಯೇ ಬೇರ್ಪಡಿಸಿ, ಒಣಗಿದ ಜಾಗದಲ್ಲಿಟ್ಟು, ವಸ್ತುಸಂಗ್ರಹಾಲಯದ ತಜ್ಞರಿಗೆ ತೋರಿಸುವುದು ಲೇಸು.

ಕಾಸನ್ನು ಅಂಚಿನಲ್ಲಿಯೇ ಹಿಡಿಯಿರಿ. ಬೆರಳಿನ ಬೆವರಿನಲ್ಲಿಯೂ ಉಪ್ಪುಂಟು. ಪ್ರತಿಯೊಂದಕ್ಕೂ ಆಮ್ಲರಹಿತ ಕಾಗದದ ಪುಟ್ಟ ಲಕೋಟೆ ಇರಲಿ. ಮೆದುವಾದ ಪಿ.ವಿ.ಸಿ. ಪ್ಲಾಸ್ಟಿಕ್ ಚೀಲ ಬೇಡ. ಅದರಿಂದ ಒಸರುವ ವಸ್ತು ತಾಮ್ರಕ್ಕೆ ಹಸಿರು ಜಿಗುಟನ್ನು ಹಿಡಿಸುತ್ತದೆ. ಲಕೋಟೆಗಳನ್ನೆಲ್ಲ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಟ್ಟು, ತೇವ ಹೀರಲು ಸಿಲಿಕಾ ಜೆಲ್ಲಿನ ಪೊಟ್ಟಣವೊಂದನ್ನು ಹಾಕಿರಿ. ಕಲಶದ ನೀರಿಗೆ ಈಗಿನ ನಾಣ್ಯವನ್ನು ಹಾಕಿ, ಹಳೆಯದಕ್ಕೆ ವಿಶ್ರಾಂತಿ ಕೊಡಿರಿ.

ಇನ್ನೊಂದು ಮಾತು. ಕಾಸು ಯಾರಿಂದ ಬಂತು, ಯಾವ ಊರಿನದು, ಯಾರ ಮದುವೆಯಲ್ಲಿ ಸಿಕ್ಕಿದ್ದು ಎಂಬುದನ್ನು ಲಕೋಟೆಯ ಮೇಲೆ ಮೊದಲೇ ಬರೆದು, ಅನಂತರ ಕಾಸನ್ನು ಒಳಗಿಡಿರಿ. ಆ ವಿವರ ಯಾವ ತಜ್ಞರಿಗೂ ತಿಳಿಯದು. ಮನೆಯ ಹಿರಿಯರಿಗೆ ಮಾತ್ರ ಗೊತ್ತು. ಅವರು ಎದುರಿಗಿರುವಾಗಲೇ ಕೇಳಿಕೊಳ್ಳಿರಿ.